ಇಂಗ್ಲಿಷಿನ ‘ಕೀ’ಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ? ಯಾವೆ, ತೆಕ್ಲಾ, ಕ್ಲಾವೆ

ಪ್ರಶ್ನೆ: ನಮಸ್ಕಾರ ಮೇಡಂ. ರೂಮು, ಮನೆ ಬುಕ್ ಮಾಡುವ ಆ್ಯಪ್ ಒಂದನ್ನು ಸ್ಪೇನ್ ಮತ್ತು ಮೆಕ್ಸಿಕೊಗೆ ಸಿದ್ಧ ಮಾಡುತ್ತಿದ್ದೇವೆ. ಇಂಗ್ಲಿಷ್ ಪಠ್ಯದಲ್ಲಿ ‘ಕೀ’ ಸುಮಾರು 40 ಕಡೆ ಬರುತ್ತದೆ. ಮಷೀನ್ ಅನುವಾದ ಎಲ್ಲ ಕಡೆ ‘ಯಾವೆ’ ಎಂದೇ ಹಾಕಿದೆ. ಹಾಗೇ ಬಿಡಬಹುದಾ?

ಉತ್ತರ (ಅನುವಾದಕಿ): ಬಿಡಬೇಡಿ. 40ರಲ್ಲಿ ಬಾಗಿಲಿಗೆ ಸಂಬಂಧಿಸಿದ್ದು ಮಾತ್ರ ‘ಯಾವೆ’. ಕೈಯಲ್ಲಿ ಹಿಡಿದು ತಿರುಗಿಸುವ ಬೀಗದ ಕೈ ಅದು. ಬೆರಳಿಂದ ಒತ್ತುವ ಕೀಲಿಮಣೆಯ ಗುಂಡಿ ‘ತೆಕ್ಲಾ’. ತಿಳಿದುಕೊಂಡು ನಮೂದಿಸುವ ಗುಟ್ಟಿನ ಅಕ್ಷರ, ಅಂಕಿಗಳು ‘ಕ್ಲಾವೆ’. ಕನ್ನಡದವರಿಗೆ ಇದು ಕಷ್ಟವಲ್ಲ. ನಾವೂ ಬೀಗದ ಕೈಯನ್ನು ಪಾಸ್‌ವರ್ಡ್ ಎನ್ನುವುದಿಲ್ಲವಲ್ಲ.

ಎಡವುವುದು ಎರಡು ಅರ್ಥ ಕೊಡುವ ಸಾಲುಗಳಲ್ಲಿ. ‘ಎಂಟರ್ ಕೀ’ ಎಂಬ ಎರಡೇ ಪದ ನೋಡಿ. ಕಂಪ್ಯೂಟರಿನ ಎಂಟರ್ ಗುಂಡಿಯಾದರೆ ಸ್ಪೇನಿನಲ್ಲಿ ‘ತೆಕ್ಲಾ ಇಂತ್ರೊ’, ಮೆಕ್ಸಿಕೊದಲ್ಲಿ ‘ತೆಕ್ಲಾ ಎಂಟರ್’. ಬಾಗಿಲಿನ ಕೋಡ್ ನಮೂದಿಸಿ ಎಂಬ ಸೂಚನೆಯಾದರೆ ‘ಇಂತ್ರೊದುಸ್ಕಾ ಲಾ ಕ್ಲಾವೆ’. ಸಾಲನ್ನು ಒಂಟಿಯಾಗಿ ಕಳಿಸಿದರೆ ಯಾವ ಅನುವಾದಕರೂ ಇದನ್ನು ಊಹಿಸಲಾರರು. ಅದಕ್ಕೇ ಪ್ರತಿ ಸಾಲಿನ ಪಕ್ಕ ಟಿಪ್ಪಣಿ ಬರೆಯಿರಿ: ಯಾವ ಪರದೆ, ಬಟನ್ನೋ ಶೀರ್ಷಿಕೆಯೋ, ಎಷ್ಟು ಅಕ್ಷರ ಹಿಡಿಸುತ್ತದೆ. ಪರದೆಯ ಚಿತ್ರ ಜೊತೆಗಿದ್ದರೆ ಅರ್ಧ ಪ್ರಶ್ನೆಗಳು ಏಳುವುದೇ ಇಲ್ಲ.

ಇನ್ನೊಂದು ಮುಖ್ಯ ವಿಷಯ. ಆ್ಯಪಿನ ಪಠ್ಯವನ್ನು ಹೆಸರು, ಪಠ್ಯ ಎಂಬ ಜೋಡಿಗಳಾಗಿ ಇಡುವ ಜೇಸನ್ (JSON) ಫೈಲಿನಲ್ಲಿ ಎಡಗಡೆ ಇರುವ ಹೆಸರಿಗೂ ‘ಕೀ’ ಎನ್ನುತ್ತಾರೆ, ಬಲಗಡೆಯದು ಅದರ ಪಠ್ಯ. ಅನುವಾದವಾಗಬೇಕಾದ್ದು ಬಲಗಡೆ ಮಾತ್ರ. ಎಡಗಡೆಯ ಹೆಸರನ್ನು ಬದಲಿಸಿದರೆ ಪ್ರೋಗ್ರಾಂ ಅದನ್ನು ಹುಡುಕಿ ಸಿಗದೆ, ಪರದೆ ಮೇಲೆ ಖಾಲಿ ಜಾಗವನ್ನೋ ಒಳಗಿನ ಹೆಸರನ್ನೋ ತೋರಿಸುತ್ತದೆ.

ಪ್ರಶ್ನೆ: ವೈಫೈ ಕೀ, ಎಪಿಐ ಕೀ, ಡೇಟಾಬೇಸಿನ ಪ್ರೈಮರಿ ಕೀ?

ಉತ್ತರ: ವೈಫೈಗೆ ‘ಕೊಂತ್ರಾಸೆನ್ಯಾ’ ಎಂದರೆ ಎರಡೂ ದೇಶಗಳಲ್ಲಿ ಅರ್ಥವಾಗುತ್ತದೆ, ‘ಕ್ಲಾವೆ’ಯೂ ನಡೆಯುತ್ತದೆ. ಎಪಿಐ ಕೀ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಸೇವೆ ಬಳಸಲು ತೋರಿಸುವ ಗುಟ್ಟಿನ ಸಂಕೇತ, ‘ಕ್ಲಾವೆ ದೆ ಎಪಿಐ’. ಪ್ರೈಮರಿ ಕೀ, ಅಂದರೆ ಡೇಟಾಬೇಸಿನ ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಸಂಕೇತ, ‘ಕ್ಲಾವೆ ಪ್ರಿಮಾರಿಯಾ’. ಲ್ಯಾಟಿನ್ ಅಮೆರಿಕದ ಎಂಜಿನಿಯರುಗಳು ‘ಯಾವೆ ಪ್ರಿಮಾರಿಯಾ’ ಎನ್ನುವುದೂ ಉಂಟು, ಅದು ತಪ್ಪಲ್ಲ. ಆದರೆ ಒಂದು ದಸ್ತಾವೇಜಿನಲ್ಲಿ ಒಂದನ್ನೇ ಇಟ್ಟುಕೊಳ್ಳಿ.

ಕಾರ್ಡ್ ತಾಗಿಸಿ ತೆರೆಯುವ ಬಾಗಿಲಾದರೆ ‘ತಾರ್ಹೇತಾ’. ನಂಬರ್ ಒತ್ತುವ ಪುಟ್ಟ ಫಲಕ ‘ತೆಕ್ಲಾದೊ’. ಗುಂಡಿ ಒತ್ತಿ ಎನ್ನಲು ಸ್ಪೇನಿನಲ್ಲಿ ‘ಪುಲ್ಸೆ’, ಮೆಕ್ಸಿಕೊದಲ್ಲಿ ‘ಪ್ರೆಸ್ಯೋನೆ’ ರೂಢಿ.

ಲೆಕ್ಕ ಬರುವ ಸಾಲುಗಳನ್ನು ಬೇರೆಯಾಗಿ ನೋಡಿ. ಕನ್ನಡದಲ್ಲಿ ‘1 ಕೀ ಕೊಟ್ಟಾಯಿತು’, ‘2 ಕೀ ಕೊಟ್ಟಾಯಿತು’ ಎಂದರೆ ಮುಗಿಯಿತು. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದವೂ ಬದಲಾಗುತ್ತದೆ: ‘ಸೆ ಎಂತ್ರೆಗೊ ಉನಾ ಯಾವೆ’, ‘ಸೆ ಎಂತ್ರೆಗಾರೊನ್ ದೋಸ್ ಯಾವೆಸ್’. ಹೆಸರಿನ ಕೊನೆಗೆ ‘ಸ್’ ಅಂಟಿಸಿದರೆ ಸಾಲದು. ಏಕವಚನ, ಬಹುವಚನಕ್ಕೆ ಎರಡು ಪೂರ್ತಿ ವಾಕ್ಯ ಇಟ್ಟುಕೊಳ್ಳಿ. ಸಮಾಧಾನದ ವಿಷಯವೆಂದರೆ ಯಾವೆ, ತೆಕ್ಲಾ, ಕ್ಲಾವೆ ಮೂರೂ ಸ್ತ್ರೀಲಿಂಗ, ಎಲ್ಲಕ್ಕೂ ಮುಂದೆ ‘ಲಾ’. ಮರೆತು ‘ಎಲ್ ಕ್ಲಾವೆ’ ಎಂದುಬಿಟ್ಟರೆ ಅದು ಹಾರ್ಪ್ಸಿಕಾರ್ಡ್ ಎಂಬ ಹಳೆಯ ವಾದ್ಯ!

ಪ್ರಶ್ನೆ: ಮೆಕ್ಸಿಕೊದ ಒಬ್ಬ ಅತಿಥಿ ‘ಲಾ ಯಾವೆ ಗೊತೇಆ’ ಎಂದು ದೂರು ಬರೆದಿದ್ದಾರೆ. ಕೀ ತೊಟ್ಟಿಕ್ಕುತ್ತಿದೆ ಅಂತ ಆ್ಯಪ್ ಅನುವಾದಿಸಿತು.

ಉತ್ತರ: ನಲ್ಲಿ ತೊಟ್ಟಿಕ್ಕುತ್ತಿದೆ, ಪ್ಲಂಬರ್ ಕಳಿಸಿ. ಮೆಕ್ಸಿಕೊ, ಕೊಲಂಬಿಯಾ, ಚಿಲಿಗಳಲ್ಲಿ ನಲ್ಲಿಗೂ ‘ಯಾವೆ’ ಎನ್ನುತ್ತಾರೆ. ಸ್ಪೇನಿನಲ್ಲಿ ಅದು ‘ಗ್ರೀಫೊ’, ಅರ್ಜೆಂಟೀನಾದಲ್ಲಿ ‘ಕನೀಯಾ’, ಪೆರುವಿನಲ್ಲಿ ‘ಕಾನ್ಯೊ’. ಆದ್ದರಿಂದ ದೂರಿನ ಪಟ್ಟಿಯಲ್ಲಿ ಬರೀ ‘ಯಾವೆ’ ಎಂದು ಬಿಡದೆ ‘ಯಾವೆ ದೆ ಲಾ ಪುವೆರ್ತಾ’ (ಬಾಗಿಲಿನದು), ‘ಯಾವೆ ದೆಲ್ ಆಗ್ವಾ’ (ನೀರಿನದು) ಎಂದು ಬಿಡಿಸಿ ಬರೆಯಿರಿ. ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ‘ಯಾವೆ ದೆ ಪಾಸೊ’. ಪೈಪು ಒಡೆದಾಗ ಅತಿಥಿ ಮೊದಲು ಹುಡುಕುವುದು ಅದನ್ನೇ, ಅದು ಎಲ್ಲಿದೆ ಎಂಬುದನ್ನು ಮನೆಯ ಸೂಚನೆಗಳಲ್ಲಿ ಮೇಲೆಯೇ ಹಾಕಿ. ರಿಪೇರಿಯವರು ‘ಯಾವೆ ಇಂಗ್ಲೇಸಾ’ ತನ್ನಿ ಎಂದರೆ ತಿರುಪಿ ಅಗಲ ಮಾಡಿಕೊಳ್ಳುವ ಸ್ಪ್ಯಾನರ್ ಕೇಳುತ್ತಿದ್ದಾರೆ. ಪದಶಃ ‘ಇಂಗ್ಲಿಷ್ ಕೀ’ ಎಂದಾಗುತ್ತದೆ, ಬೀಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಬ್ಬ ಸದಸ್ಯರು: ನಮ್ಮ ಉತ್ತರ ಕರ್ನಾಟಕದ ಕಡೆ ‘ಚಾವಿ’ ಅಂತೀವಲ್ಲ, ಅದಕ್ಕೂ ಯಾವೆಗೂ ನಂಟು ಇದೆಯಾ ಮೇಡಂ?

ಉತ್ತರ: ಹತ್ತಿರದ ನಂಟು. ಚಾವಿ ಪೋರ್ಚುಗೀಸರಿಂದ ಬಂದ ಪದ. ಅದರ ಮೂಲ ಲ್ಯಾಟಿನಿನ ‘ಕ್ಲಾವಿಸ್’. ಅದೇ ಪದ ಸ್ಪ್ಯಾನಿಷ್ ಜನರ ಬಾಯಲ್ಲಿ ಸವೆದು ‘ಯಾವೆ’ ಆಯಿತು. ಓದಿದವರು ಲ್ಯಾಟಿನಿನಿಂದ ಮತ್ತೆ ತಂದುಕೊಂಡದ್ದು ‘ಕ್ಲಾವೆ’ಯಾಗಿ ಉಳಿಯಿತು. ಕೈಯಲ್ಲಿ ಹಿಡಿಯುವುದು ಯಾವೆ, ತಲೆಯಲ್ಲಿ ಇಟ್ಟುಕೊಳ್ಳುವುದು ಕ್ಲಾವೆ ಎಂದು ಎರಡೂ ಕೆಲಸ ಹಂಚಿಕೊಂಡದ್ದು ಹೀಗೆ. ‘ಮುಖ್ಯ ಅಂಶಗಳು’ ಎನ್ನಲು ‘ಪುಂತೊಸ್ ಕ್ಲಾವೆ’ ಎನ್ನುವುದೂ ಇದೇ ಪದದಿಂದ.

ಪ್ರಶ್ನೆ: ಸಂಗೀತದ ಕೀ? ಪಿಯಾನೊ ಇರುವ ಒಂದು ಮನೆಯ ವಿವರಣೆಯಲ್ಲಿ ಬಂದಿದೆ.

ಉತ್ತರ: ಪಿಯಾನೊದ 88 ಕೀಗಳು ‘ತೆಕ್ಲಾಸ್’. ಆದರೆ ಸ್ಯಾಕ್ಸೊಫೋನಿನ, ಅಂದರೆ ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಆ ವಾದ್ಯದ, ಕೀಗಳು ‘ಯಾವೆಸ್’. ಅವು ನಳಿಕೆಯ ತೂತುಗಳನ್ನು ಮುಚ್ಚಿ ತೆರೆಯುವ ಮುಚ್ಚಳಗಳು. ಹಾಡಿನ ಕೀ ‘ತೊನಾಲಿದಾದ್’.

ಪ್ರಶ್ನೆ: ಕೊನೆಯದು. ಮ್ಯಾಪಿನ ಮೂಲೆಯಲ್ಲಿ ಗುರುತುಗಳ ಅರ್ಥ ಹೇಳುವ ‘ಕೀ’ ಮತ್ತು ಅಮೆರಿಕದ ಫ್ಲೋರಿಡಾದ ಊರಿನ ಹೆಸರು ‘ಕೀ ವೆಸ್ಟ್’.

ಉತ್ತರ: ಮ್ಯಾಪಿನದು ‘ಲೆಯೆಂದಾ’. ಕೀ ವೆಸ್ಟಿಗೆ ಸ್ಪ್ಯಾನಿಷ್ ಹೆಸರು ಮೊದಲಿಂದಲೂ ಇದೆ: ‘ಕಾಯೊ ವೇಸೊ’, ಮೂಳೆಯ ದ್ವೀಪ. ‘ಕಾಯೊ’ ಎಂದರೆ ತಗ್ಗಿನ ಪುಟ್ಟ ದ್ವೀಪ. ಇಂಗ್ಲಿಷರ ಕಿವಿಗೆ ಅದು ‘ಕೀ’ಯಾಗಿ, ‘ವೇಸೊ’ ‘ವೆಸ್ಟ್’ ಆಗಿ ಬಿದ್ದಿತು. ಮಷೀನ್ ಅಲ್ಲಿ ‘ಯಾವೆ’ ಹಾಕಿದ್ದರೆ ಅದನ್ನೇ ಮೊದಲು ತಿದ್ದಿ, ಊರು ಹುಡುಕುವವರಿಗೆ ಊರೇ ಸಿಗುವುದಿಲ್ಲ.