‘ಗೌರವಧನ’ ಎಂಬ ಪದದ ಬಳಕೆಯ ಬಗ್ಗೆ

ಮಾನ್ಯರೆ,

ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಶಾಲೆಗಳಲ್ಲಿ ಬಿಸಿಯೂಟ ಮಾಡುವವರಿಗೂ ಸರ್ಕಾರ ತಿಂಗಳು ತಿಂಗಳು ಕೊಡುವ ಹಣವನ್ನು ಆದೇಶಗಳೂ ಪತ್ರಿಕೆಗಳೂ ‘ಗೌರವಧನ’ ಎಂದೇ ಬರೆಯುತ್ತವೆ. ಇವರೇ ಧರಣಿ ಕುಳಿತಾಗ ಕೇಳುವುದು ಮಾತ್ರ ‘ಕನಿಷ್ಠ ವೇತನ’. ಎರಡು ಪದಗಳ ನಡುವಿನ ಅಂತರ ಬರೀ ಶೈಲಿಯದೋ ಅರ್ಥದ್ದೋ ಎಂಬುದು ನನ್ನ ಪ್ರಶ್ನೆ. ನನಗೆ ತೋರುವಂತೆ ಅದು ಅರ್ಥದ್ದು, ದುಡ್ಡಿನದೂ ಹೌದು.

ಗೌರವಧನ, ಸಂಭಾವನೆ ಎಂಬ ಮಾತುಗಳು ಹೊಂದುವುದು ಉಪನ್ಯಾಸ ಕೊಟ್ಟವರಿಗೆ, ಲೇಖನ ಬರೆದವರಿಗೆ, ಸ್ಪರ್ಧೆಯ ತೀರ್ಪುಗಾರರಿಗೆ. ಪಡೆಯುವವರ ಹೊಟ್ಟೆಪಾಡು ಬೇರೆಲ್ಲೋ ನಡೆಯುತ್ತಿದೆ, ಈ ಕೆಲಸಕ್ಕೆ ಬೆಲೆ ಕಟ್ಟುವುದು ಸಲ್ಲದು, ಆದುದರಿಂದ ಮರ್ಯಾದೆಗೆ ಇಷ್ಟು ಎಂಬ ಭಾವ ಅವುಗಳಲ್ಲಿದೆ. ಲಕೋಟೆಯನ್ನು ತಾಂಬೂಲದ ಜೊತೆಗಿಟ್ಟು ಕೊಡುವ, ಎಷ್ಟಿದೆ ಎಂದು ಎದುರಿಗೆ ಎಣಿಸಬಾರದ ಹಣ ಅದು. ಅಂಗನವಾಡಿಯ ಕೆಲಸ ಆ ಬಗೆಯದಲ್ಲ. ಮಕ್ಕಳ ತೂಕ ನೋಡಿ ಬರೆದುಕೊಳ್ಳುವುದು, ಮೊಟ್ಟೆ ಬೇಯಿಸಿ ಕೊಡುವುದು, 2017ರಲ್ಲಿ ಮಾತೃಪೂರ್ಣ ಯೋಜನೆ ಬಂದ ಮೇಲೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಡುಗೆ ಮಾಡಿ ಬಡಿಸುವುದು, ಇವೆಲ್ಲದರ ಲೆಕ್ಕವನ್ನು ಮತ್ತೆ ಮೊಬೈಲಿನಲ್ಲಿ ತುಂಬಿಸುವುದು ದಿನವೂ ಇದ್ದದ್ದೇ.

ಕಾನೂನಿನ ಕಣ್ಣಿನಲ್ಲಿ ಈ ಪದಗಳು ಪರಸ್ಪರ ಬದಲಿಗಳಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಿಂದ ಮೊದಲ್ಗೊಂಡು ‘ವೇತನ’ದ ಹಿಂದೆ ಒಂದು ಅಳತೆಗೋಲು ಬೆಳೆದುಬಂದಿದೆ. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು (ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟು ಸೇರುವ ಸಭೆ) ದುಡಿಯುವ ಒಬ್ಬರನ್ನು ನಂಬಿದ ನಾಲ್ವರ ಕುಟುಂಬವನ್ನು ಮೂರು ಬಳಕೆ ಘಟಕಗಳೆಂದು, ಎಂದರೆ ಮೂವರು ವಯಸ್ಕರ ಬಳಕೆಗೆ ಸಮವೆಂದು ಎಣಿಸಿ, ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆಬಾಡಿಗೆ, ಇವುಗಳಲ್ಲದೆ ಸೌದೆ ದೀಪ ಮುಂತಾದವಕ್ಕೆ ಒಟ್ಟು ಕನಿಷ್ಠ ವೇತನದ ಶೇ. 20ರಷ್ಟು ಎಂದು ಲೆಕ್ಕ ಹಾಕಿಕೊಟ್ಟಿತು. ಬೆಲೆ ಸೂಚ್ಯಂಕ ಏರಿದಂತೆ ಏರುವ ತುಟ್ಟಿಭತ್ಯೆಯೂ ಕನಿಷ್ಠ ವೇತನಕ್ಕೆ ಸೇರುತ್ತದೆ. (ಉತ್ತರ ಕರ್ನಾಟಕದ ಸಂತೆಯಲ್ಲಿ ಇಂದಿಗೂ ‘ಭಾಳ ತುಟ್ಟಿ ಆಗೇದ’ ಎನ್ನುವುದನ್ನು ಕೇಳಿದವರಿಗೆ, ಸರ್ಕಾರಿ ಕನ್ನಡದಲ್ಲಿ ಇಷ್ಟು ಜೀವಂತ ಪದವೊಂದು ಉಳಿದುಕೊಂಡಿರುವುದು ಸೋಜಿಗವೆನಿಸೀತು.) ಗೌರವಧನಕ್ಕೆ ಅಂಥ ಕೋಲೂ ಇಲ್ಲ, ತುಟ್ಟಿಯ ಲೆಕ್ಕವೂ ಇಲ್ಲ, ಬೇಳೆ ಎಣ್ಣೆಗಳ ಬೆಲೆ ಏರಿದರೂ ಅದು ಏರುವುದು ಸರ್ಕಾರ ಮನಸ್ಸು ಮಾಡಿದಾಗ ಮಾತ್ರ. 2017ರ ಮಾರ್ಚಿನಲ್ಲಿ ಅಂಗನವಾಡಿಯ ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನ ಬಳಿ ರಸ್ತೆಯಲ್ಲೇ ರಾತ್ರಿಗಳನ್ನು ಕಳೆದದ್ದು ಆ ಮನಸ್ಸು ಮಾಡಿಸುವುದಕ್ಕಾಗಿ.

ಅವರು ಸ್ವಯಂಸೇವಕಿಯರು, ನೌಕರರಲ್ಲ, ಆದುದರಿಂದ ಗೌರವಧನವೇ ಸರಿಯಾದ ಪದ ಎಂಬ ವಾದ ಹಳೆಯದು. ಆದರೆ 2013ರ ಕಾರ್ಮಿಕ ಸಮ್ಮೇಳನ ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಕೊಡಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ಸುಪ್ರೀಂ ಕೋರ್ಟು, 1972ರ ಉಪದಾನ (ಗ್ರಾಚ್ಯುಟಿ, ಕೆಲಸ ಬಿಡುವಾಗ ಸಿಗುವ ಇಡಿಗಂಟು) ಕಾಯ್ದೆಯ ಮಟ್ಟಿಗೆ, ಅಂಗನವಾಡಿಯವರಿಗೆ ಕೊಡುವ ಗೌರವಧನವೂ ವೇತನವೇ ಎಂದು ಹೇಳಿತು. ಪದ ಬದಲಾದರೆ ಹೊಟ್ಟೆ ತುಂಬೀತೇ ಎಂದು ಕೇಳುವವರು ಈ ತೀರ್ಪನ್ನು ಗಮನಿಸಬೇಕು.

ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಸಾಗಿದ ಪದವೊಂದು ನಮ್ಮಲ್ಲಿದೆ. ‘ಜೀವಿತ’ದಿಂದ ಬಂದ ‘ಜೀತ’ಕ್ಕೆ ಹಳಗನ್ನಡದಲ್ಲಿ ಸಂಬಳ, ವೇತನ ಎಂದೇ ಅರ್ಥ; ಬದುಕಿಗೆ ಆಗುವಷ್ಟು ಎಂಬ ಅಳತೆ ಅದರ ಹುಟ್ಟಿನಲ್ಲೇ ಇತ್ತು. ಈಗ ಜೀತವೆಂದರೆ ಸಾಲಕ್ಕೆ ಸಿಕ್ಕಿ ಬಿಡುಗಡೆಯಿಲ್ಲದೆ ದುಡಿಯುವುದು. 1976ರ ಜೀತಪದ್ಧತಿ ರದ್ದತಿ ಕಾಯ್ದೆಯು ಜೀತದ ಲಕ್ಷಣ ಹೇಳುವಾಗ ‘ನಾಮಮಾತ್ರದ ಕೂಲಿ’ಯನ್ನೂ ಹೆಸರಿಸಿ, ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆಯಾದದ್ದೆಲ್ಲ ನಾಮಮಾತ್ರದ್ದು ಎಂದು ವಿವರಿಸುತ್ತದೆ. 1982ರ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ಮಾಡಿಸಿಕೊಂಡ ಕೆಲಸ ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಕೂಲಿಯನ್ನು ಹೇಳುತ್ತಿದ್ದ ಮಾತು ಕೂಲಿಯಿಲ್ಲದ ಸ್ಥಿತಿಗೆ ಇಳಿದಿದೆ; ಕೂಲಿಯಲ್ಲದ್ದನ್ನು ಹೇಳುತ್ತಿದ್ದ ಮಾತು ಕೂಲಿಯ ಜಾಗದಲ್ಲಿ ಕುಳಿತಿದೆ.

ಆಡುಮಾತಿನಲ್ಲಿ ಈ ಗೊಂದಲವಿಲ್ಲ. ‘ಈ ತಿಂಗಳ ಸಂಬಳ ಬಂತಾ?’ ಎಂದೇ ಕಾರ್ಯಕರ್ತೆಯರು ಒಬ್ಬರನ್ನೊಬ್ಬರು ಕೇಳುವುದು; ಧಾರವಾಡದ ಕಡೆ ‘ಪಗಾರ ಆತೇನ್ರಿ?’.

ಬಲ್ಲವರಿಂದ ತಿಳಿಯಬೇಕಾದದ್ದು ಮೂರು. ಅಂಗನವಾಡಿಗಳನ್ನು ಹುಟ್ಟುಹಾಕಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದ 1975ಕ್ಕಿಂತ ಮೊದಲು ತಿಂಗಳ ದುಡಿಮೆಯ ಹಣಕ್ಕೆ ‘ಗೌರವಧನ’ ಎಂದು ಬಳಸಿದ ಆದೇಶವೋ ಬರಹವೋ ಯಾರ ಕಣ್ಣಿಗಾದರೂ ಬಿದ್ದಿದೆಯೇ? ಮರಾಠಿಯ ‘ಮಾನಧನ’ ಇದೇ ಅರ್ಥದಲ್ಲಿ ಚಾಲ್ತಿಯಲ್ಲಿರುವುದರಿಂದ, ಸೊಲ್ಲಾಪುರ, ಜತ್ತ ಕಡೆಯ ಕನ್ನಡಿಗರು ಕನ್ನಡದಲ್ಲಿ ಮಾತಾಡುವಾಗ ಯಾವುದನ್ನು ಬಳಸುತ್ತಾರೆ? ಇನ್ನು ವರದಿ ಬರೆಯುವವರು ಏನು ಮಾಡಬೇಕು? ‘ವೇತನ’ ಎಂದು ತಿದ್ದಿದರೆ ಸರ್ಕಾರ ಕೊಡದೆ ಉಳಿಸಿಕೊಂಡದ್ದನ್ನು ಕೊಟ್ಟಂತೆ ತೋರಿಸಿದಂತಾಗುತ್ತದೆ ಎಂಬ ಅಳುಕಿನಿಂದ, ಸದ್ಯಕ್ಕೆ ನಾನು ‘ಗೌರವಧನ’ವನ್ನು ಉದ್ಧರಣ ಚಿಹ್ನೆಯೊಳಗೆ ಇಡುವ ಪಕ್ಷದಲ್ಲಿದ್ದೇನೆ. ಇದಕ್ಕಿಂತ ಸರಿಯಾದ ದಾರಿಯಿದ್ದರೆ ತಿಳಿಸಬೇಕೆಂದು ಕೋರುತ್ತೇನೆ.