ಹೊಸದಾಗಿ ಅಡುಗೆ ಕಲಿಯುವವರಿಗೆ ಕಡಿಮೆ ಖರ್ಚಿನ ರೆಸಿಪಿ: ನಿಮ್ಮ ಅನುಭವ ಹೇಳಿ

ಪ್ರಶ್ನೆ ಕೇಳಿದವರು: ಒಬ್ಬನೇ ಇರುತ್ತೇನೆ, ಈಗಷ್ಟೇ ಅಡುಗೆ ಶುರು ಮಾಡಿದ್ದೇನೆ. ರೆಸಿಪಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಸಿಗುತ್ತವೆ, ಆದರೆ ಯಾವುದು ನನ್ನ ಕೈಯಲ್ಲಿ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಓದಿದಾಗ ತಿಳಿಯುವುದಿಲ್ಲ. ಎಷ್ಟೋ ರೆಸಿಪಿಗಳಲ್ಲಿ ನಾನು ಹೆಸರೇ ಕೇಳದ ಪದಾರ್ಥ ಇರುತ್ತದೆ. ಅದನ್ನು ಕೊಂಡರೆ ಒಂದು ಚಮಚ ಬಳಸಿ ಉಳಿದದ್ದು ಡಬ್ಬಿಯಲ್ಲೇ ಕೂರುತ್ತದೆ. ದಿನಾ ತಿನ್ನುವಂಥ, ಜೇಬಿಗೆ ಭಾರವಾಗದ ಅಡುಗೆಗಳನ್ನು ನೀವೆಲ್ಲ ಹೇಗೆ ಹುಡುಕಿಕೊಂಡಿರಿ? ನನ್ನ ಹತ್ತಿರ ಒಂದು ಒಲೆ, ಒಂದು ಬಾಣಲೆ, ಒಂದು ದೊಡ್ಡ ಪಾತ್ರೆ, ಫ್ರಿಜ್ ಇವೆ. ಓವನ್ ಇಲ್ಲ.

*

ರೆಸಿಪಿಯಿಂದ ಶುರು ಮಾಡಬೇಡಿ, ಪದಾರ್ಥದಿಂದ ಶುರು ಮಾಡಿ. ನನ್ನ ಖರ್ಚು ನಿಜವಾಗಿ ಇಳಿದದ್ದು ಈ ಒಂದು ಬದಲಾವಣೆಯಿಂದ. ಅಕ್ಕಿ, ಬೇಳೆ, ಒಣ ಕಾಳು, ಮೊಟ್ಟೆ, ಆಲೂಗಡ್ಡೆ, ಈರುಳ್ಳಿ, ಎಲೆಕೋಸು, ಕ್ಯಾರೆಟ್, ಆಯಾ ಕಾಲದ ತರಕಾರಿ, ಇವು ಸಾಮಾನ್ಯವಾಗಿ ಅಗ್ಗ. ಇವುಗಳಲ್ಲಿ ನಿಮಗೆ ತಿನ್ನಲು ಇಷ್ಟವಾಗುವ ಐದಾರನ್ನು ಆರಿಸಿ. ಆಮೇಲೆ 'ಕಡಿಮೆ ಖರ್ಚಿನ ರೆಸಿಪಿ' ಅಂತ ಹುಡುಕುವ ಬದಲು 'ಎಲೆಕೋಸು ಮೊಟ್ಟೆ' ಅಂತಲೋ 'ಆಲೂಗಡ್ಡೆ ಬೇಳೆ' ಅಂತಲೋ ಹುಡುಕಿ. ಏನು ಸಿಕ್ಕರೂ ಅರ್ಧ ಸಾಮಾನು ಆಗಲೇ ಮನೆಯಲ್ಲಿರುತ್ತದೆ, ಅಲ್ವಾ. ಓವನ್ ಬೇಕಾದದ್ದೇ ಜಾಸ್ತಿ ಬಂದರೆ ಹುಡುಕುವ ಪದಗಳ ಕೊನೆಗೆ ಮೈನಸ್ ಚಿಹ್ನೆ ಹಾಕಿ, ಜಾಗ ಬಿಡದೆ 'ಓವನ್' ಅಂತ ಬರೆಯಿರಿ. ಗೂಗಲ್ ಆ ಪದ ಇರುವ ಪುಟಗಳನ್ನು ಬಿಟ್ಟು ಉಳಿದದ್ದನ್ನು ತೋರಿಸುತ್ತದೆ. ಸೂಪರ್‌ಕುಕ್ ಅಂತ ಒಂದು ವೆಬ್‌ಸೈಟ್ ಇದೆ, ಮನೆಯಲ್ಲಿರುವ ಪದಾರ್ಥಗಳನ್ನು ಗುರುತು ಹಾಕಿದರೆ ಅವುಗಳಿಂದ ಏನೇನು ಮಾಡಬಹುದು ಅಂತ ಪಟ್ಟಿ ಕೊಡುತ್ತದೆ. ಅದನ್ನೂ ನೋಡಿ.

ಖರ್ಚಿನ ಬಗ್ಗೆ ಇನ್ನೊಂದು ಮಾತು. ಕೆಲವು ರೆಸಿಪಿಗಳಲ್ಲಿ ಒಂದು ತಟ್ಟೆಗೆ ಇಷ್ಟೇ ಬೀಳುತ್ತದೆ ಅಂತ ಬರೆದಿರುತ್ತಾರೆ. ಆ ಲೆಕ್ಕ ಸಾಮಾನ್ಯವಾಗಿ ಅಡುಗೆಗೆ ಹಾಕಿದ ಪ್ರಮಾಣಕ್ಕೆ ಮಾತ್ರ. ಅಂಗಡಿಯಲ್ಲಿ ನೀವು ಕೊಡುವುದು ಇಡೀ ಪ್ಯಾಕೆಟ್ಟಿನ ದುಡ್ಡು. ಹಾಗಾಗಿ ಹೊಸ ಪದಾರ್ಥ ಕಂಡಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಇದು ಕೆಡುವುದರೊಳಗೆ ಇದನ್ನು ಹಾಕಿ ಇನ್ನು ಯಾವ ಎರಡು ಅಡುಗೆ ಮಾಡುತ್ತೇನೆ? ಉತ್ತರ ತಕ್ಷಣ ಹೊಳೆಯದಿದ್ದರೆ ಆ ರೆಸಿಪಿ ಬಿಟ್ಟು ಮುಂದೆ ಹೋಗುತ್ತೇನೆ. ಎಷ್ಟೇ ಚೆಂದದ ಫೋಟೋ ಇದ್ದರೂ ಸರಿ.

*

ಮೇಲೆ ಹೇಳಿದ 'ಎರಡು ಅಡುಗೆ' ಲೆಕ್ಕಕ್ಕೆ ನನ್ನದೂ ಒಂದು ಓಟು. ಒಂದು ಸೇರಿಸುತ್ತೇನೆ: ಫ್ರೀಜರ್ ಇದ್ದರೆ ಬಟಾಣಿ, ಬೀನ್ಸ್, ಪಾಲಕ್ ತರಹದ್ದನ್ನು ಫ್ರೋಜನ್ ಕೊಳ್ಳಲು ಹಿಂಜರಿಯಬೇಡಿ. ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದರಿಂದ ಪೋಷಕಾಂಶ ಹೆಚ್ಚೇನೂ ಕಳೆದುಹೋಗುವುದಿಲ್ಲ. ಒಬ್ಬರೇ ಇರುವವರಿಗೆ ಬೇಕಾದಷ್ಟೇ ತೆಗೆದು ಉಳಿದದ್ದನ್ನು ಮತ್ತೆ ಒಳಗಿಡಬಹುದು, ಒಂದು ಹಿಡಿಯೂ ಕೊಳೆತು ಹೋಗುವುದಿಲ್ಲ.

*

ಒಳ್ಳೆಯ ರೆಸಿಪಿ ಗುರುತಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೊಸಬರಿಗೆ ಇದೇ ದೊಡ್ಡ ತೊಂದರೆ. ರೆಸಿಪಿ ಕೆಟ್ಟದಾಗಿ ಬರೆದಿದ್ದರೂ ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಅಡುಗೆಯನ್ನೇ ಬಿಟ್ಟುಬಿಡುತ್ತಾರೆ. ನನಗೆ ಇದು ನಿಜವಾಗಿಯೂ ಬೇಜಾರಿನ ವಿಷಯ.

ಒಲೆ ಹಚ್ಚುವ ಮೊದಲು ಕೊನೆವರೆಗೆ ಓದಿ. ಪಟ್ಟಿಯಲ್ಲಿರುವ ಪ್ರತಿಯೊಂದು ಪದಾರ್ಥವೂ ಕೆಳಗಿನ ವಿಧಾನದಲ್ಲಿ ಎಲ್ಲೋ ಒಂದು ಕಡೆ ಬರಬೇಕು. ಬರದಿದ್ದರೆ ಬರೆದವರು ಅದನ್ನು ಮಾಡಿ ನೋಡಿಲ್ಲ, ಅಥವಾ ಮತ್ತೆ ಓದಿಲ್ಲ. ಆಮೇಲೆ ಸಮಯ ನೋಡಿ. ಈರುಳ್ಳಿಯನ್ನು ಕಡುಕಂದು ಬಣ್ಣ ಬಂದು ಸಿಹಿಯಾಗುವವರೆಗೆ 5 ನಿಮಿಷ ಹುರಿಯಿರಿ ಅಂತ ಬರೆದಿದ್ದರೆ ಅದು ಸುಳ್ಳು. ಸಣ್ಣ ಉರಿಯಲ್ಲಿ ಅದಕ್ಕೆ 40 ನಿಮಿಷ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. 5 ನಿಮಿಷದಲ್ಲಿ ಈರುಳ್ಳಿ ಮೆತ್ತಗಾಗುತ್ತದೆ, ಅಷ್ಟೇ. ಹಾಗೇ 'ಸಣ್ಣಗೆ ಹೆಚ್ಚಿದ', 'ತುರಿದ', 'ಬೇಯಿಸಿದ' ಅಂತ ಪಟ್ಟಿಯಲ್ಲೇ ಬರೆದಿರುವ ಕೆಲಸ ಬಹಳ ಸಲ ಅವರು ಹೇಳುವ ಒಟ್ಟು ಸಮಯದಲ್ಲಿ ಸೇರಿರುವುದಿಲ್ಲ. 20 ನಿಮಿಷದ ಅಡುಗೆ ಅಂತ ನಂಬಿ ಹಸಿದುಕೊಂಡು ನಿಂತರೆ ಹೆಚ್ಚುವುದಕ್ಕೇ ಅರ್ಧ ಗಂಟೆ ಹೋಗುತ್ತದೆ.

ನಂಬಬಹುದಾದ ರೆಸಿಪಿ ನಿಮಿಷದ ಜೊತೆಗೆ ಗುರುತನ್ನೂ ಹೇಳುತ್ತದೆ. 'ಎಂಟು ನಿಮಿಷ ಬೇಯಿಸಿ' ಅಂತ ಮಾತ್ರ ಹೇಳಿದರೆ ಸಾಲದು, ಯಾಕೆಂದರೆ ನಿಮ್ಮ ಒಲೆಯ ಉರಿ ಬೇರೆ, ಅವರದು ಬೇರೆ. 'ಚಾಕು ಚುಚ್ಚಿದರೆ ಸುಲಭವಾಗಿ ಇಳಿಯುವವರೆಗೆ', 'ಅಂಚಿನಲ್ಲಿ ಎಣ್ಣೆ ಬಿಡುವವರೆಗೆ' ಅಂತ ಬರೆದವರು ಹೊಸಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿರುತ್ತಾರೆ. ಅಂಥವರು ಸಿಕ್ಕರೆ ಅವರದೇ ಇನ್ನಷ್ಟು ರೆಸಿಪಿ ಮಾಡಿ. ದಿನಕ್ಕೊಬ್ಬರ ಹಿಂದೆ ಹೋಗುವುದಕ್ಕಿಂತ ಒಬ್ಬಿಬ್ಬರನ್ನು ಹಿಡಿದುಕೊಳ್ಳುವುದು ಒಳ್ಳೆಯದು, ಅವರ ಉಪ್ಪು, ಅವರ ಖಾರ, ಅವರು 'ಮಧ್ಯಮ ಉರಿ' ಅನ್ನುವುದು ಯಾವುದನ್ನು ಅಂತ ನಿಮಗೆ ಅಂದಾಜಾಗುತ್ತದೆ.

ಕೊನೆಯದಾಗಿ, ಒಂದೇ ಅಡುಗೆಯ ಮೂರು ರೆಸಿಪಿ ಪಕ್ಕಪಕ್ಕ ಇಟ್ಟುಕೊಳ್ಳಿ. ಮೂರರಲ್ಲೂ ಇರುವುದು ಆ ಅಡುಗೆಗೆ ಬೇಕೇ ಬೇಕು. ಒಂದರಲ್ಲಿ ಮಾತ್ರ ಇರುವುದು ಸಾಮಾನ್ಯವಾಗಿ ಆ ಬರೆದವರ ರುಚಿ, ಮೊದಲ ಸಲ ಅದನ್ನು ಬಿಟ್ಟು ಮಾಡಬಹುದು. ಬೇಡದ ಡಬ್ಬಿಗಳ ಖರ್ಚು ಉಳಿಯುವುದು ಇಲ್ಲೇ.

*

ರೆಸಿಪಿ ಕೆಳಗೆ ಜನ ಬರೆದದ್ದನ್ನೂ ಓದಿ. 'ಸೂಪರ್, ಮಾಡಿ ನೋಡ್ತೀನಿ' ಅನ್ನುವುದನ್ನು ಬಿಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. 'ಮಾಡಿದೆ, ನೀರು ಜಾಸ್ತಿಯಾಯಿತು' ಅಂತ ನಾಲ್ಕು ಜನ ಬೇರೆ ಬೇರೆ ಹೇಳಿದ್ದರೆ ನೀವು ಮೊದಲೇ ನೀರು ಕಡಿಮೆ ಹಾಕಬಹುದು.

*

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಇನ್ನೊಂದು ಗೊಂದಲ. ಒಂದು ಕಪ್, ಒಂದು ಚಮಚ ಅಂತ ಬರೆದಿರುತ್ತಾರಲ್ಲ, ಅದು ಯಾವ ಕಪ್? ತಕ್ಕಡಿ ಕೊಳ್ಳಲೇಬೇಕಾ?

*

ಕಪ್ ಒಂದೊಂದು ದೇಶದಲ್ಲಿ ಒಂದೊಂದು. ಅಮೆರಿಕದ ರೆಸಿಪಿಯಲ್ಲಿ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದರಲ್ಲಿ 250, ಜಪಾನಿನದರಲ್ಲಿ 200. ಚಿಕ್ಕ ಚಮಚ, ಅಂದರೆ ಟೀ ಸ್ಪೂನ್, ಬಹುತೇಕ ಕಡೆ 5 ಮಿಲಿಲೀಟರ್. ದೊಡ್ಡ ಚಮಚ 15, ಆಸ್ಟ್ರೇಲಿಯಾದವರದು ಮಾತ್ರ 20. ದಿನದ ಅಡುಗೆಗೆ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಲೋಟದಲ್ಲಿ ಎಲ್ಲವನ್ನೂ ಅಳೆದರೆ ಅನುಪಾತ ಸರಿಯಾಗಿಯೇ ಇರುತ್ತದೆ. ಅಕ್ಕಿಗೆ ನೀರು ಎಷ್ಟು ಅನ್ನುವುದಕ್ಕೆ ಯಾವ ಲೋಟವಾದರೂ ಆಗುತ್ತದೆ. ಹಿಟ್ಟಿನ ತಿಂಡಿ, ಕೇಕ್ ಮಾಡುವ ದಿನ ಬಂದರೆ ಆಗ ತಕ್ಕಡಿ ಬೇಕು, ಯಾಕೆಂದರೆ ಅದೇ ಕಪ್ಪಿನಲ್ಲಿ ಹಿಟ್ಟನ್ನು ಸಡಿಲವಾಗಿ ತುಂಬಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150ರ ಹತ್ತಿರ ಹೋಗುತ್ತದೆ.

ಉಪ್ಪಿನ ವಿಷಯದಲ್ಲಿ ಮಾತ್ರ ಹುಷಾರು. ಪುಡಿ ಉಪ್ಪು ಒಂದು ಟೀ ಸ್ಪೂನ್ ಸುಮಾರು 6 ಗ್ರಾಂ ತೂಗುತ್ತದೆ, ಹಗುರವಾದ ಹರಳುಪ್ಪು ಅದರ ಅರ್ಧದಷ್ಟೇ ಇರಬಹುದು. ರೆಸಿಪಿಯಲ್ಲಿ ಯಾವ ಉಪ್ಪು ಅಂತ ಹೇಳದಿದ್ದರೆ ಅರ್ಧ ಹಾಕಿ, ರುಚಿ ನೋಡಿ, ಆಮೇಲೆ ಸೇರಿಸಿ.

*

ಒಣ ಕಾಳು ಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒಂದು ಕಪ್ ಒಣ ಕಾಳು ಬೆಂದ ಮೇಲೆ ಎರಡೂವರೆ ಮೂರು ಕಪ್ ಆಗುತ್ತದೆ, ಅದಕ್ಕಿಂತ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬುವ ದಾರಿ ನನಗೆ ಗೊತ್ತಿಲ್ಲ. ಆದರೆ ಹೊಸಬರಿಗೆ ಎರಡು ವಿಷಯ ಹೇಳಲೇಬೇಕು. ರಾಜ್ಮಾ ಕಾಳನ್ನು, ಅದರಲ್ಲೂ ಕೆಂಪು ಕಾಳನ್ನು, ಅರೆಬರೆ ಬೇಯಿಸಿ ತಿನ್ನಬಾರದು. ಹಸಿ ಕಾಳಿನಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಇರುತ್ತದೆ, ನಾಲ್ಕೈದು ಕಾಳಿಗೇ ವಾಂತಿ ಭೇದಿ ಆಗಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಡಿಮೆ ಅಂದರೂ 10 ನಿಮಿಷ, ಸಾಧ್ಯವಾದರೆ 30 ನಿಮಿಷ, ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಕುದಿಯದೆ ಬರೀ ಬಿಸಿಯಲ್ಲಿ ನಿಧಾನಕ್ಕೆ ಬೇಯಿಸುವ ರೆಸಿಪಿ ಈ ಕಾಳಿಗೆ ಬೇಡವೇ ಬೇಡ.

ಎರಡನೆಯದು ಅನ್ನ. ಮೂರು ಹೊತ್ತಿಗೆ ಒಟ್ಟಿಗೆ ಮಾಡಿಟ್ಟುಕೊಂಡರೆ ಅನುಕೂಲವೇ, ಆದರೆ ಒಲೆಯ ಮೇಲೇ ರಾತ್ರಿಯಿಡೀ ಬಿಡಬೇಡಿ. ಅನ್ನದಲ್ಲಿ ಉಳಿದುಕೊಳ್ಳುವ ಒಂದು ಬ್ಯಾಕ್ಟೀರಿಯಾ ಇದೆ, ಹೆಸರು ಬ್ಯಾಸಿಲಸ್ ಸೀರಿಯಸ್. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಬೇರೆ ಅಡುಗೆಗೂ ಎರಡು ಗಂಟೆಗಿಂತ ಹೊರಗೆ ಬಿಡಬಾರದು ಅನ್ನುವುದು ಒಳ್ಳೆಯ ಅಳತೆ.

*

ವಿಡಿಯೋ ನೋಡಿ ಕಲಿಯಿರಿ ಅಂತ ಯಾರಾದರೂ ಹೇಳುತ್ತಾರೆ ಅಂದುಕೊಂಡಿದ್ದೆ, ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ, ಒಂದು ಷರತ್ತಿನ ಮೇಲೆ. ಕೈಯ ಕೆಲಸಕ್ಕೆ ವಿಡಿಯೋ ಬಹಳ ಒಳ್ಳೆಯದು: ಚಾಕು ಹಿಡಿಯುವುದು, ಈರುಳ್ಳಿ ಹೆಚ್ಚುವುದು, ಹಿಟ್ಟು ಎಷ್ಟು ಮೆತ್ತಗಿರಬೇಕು ಅನ್ನುವುದು. ಇವನ್ನು ಎಷ್ಟು ಪುಟ ಓದಿದರೂ ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಅರ್ಧ ನಿಮಿಷದ ವಿಡಿಯೋ ಒಂದನ್ನೇ ನಂಬಿ ಅಡುಗೆಗೆ ಇಳಿಯಬೇಡಿ. ಬೇಯುವ ಸಮಯವನ್ನೆಲ್ಲ ಕತ್ತರಿಸಿ ಹಾಕಿರುತ್ತಾರೆ, ಅಳತೆಯನ್ನು ಹಲವರು ಹೇಳುವುದೇ ಇಲ್ಲ. ಬರೆದ ರೆಸಿಪಿ ಜೊತೆಗೆ ಕೊಟ್ಟಿದ್ದಾರಾ ನೋಡಿ, ಕೊಟ್ಟಿದ್ದರೆ ಮಾತ್ರ ಮಾಡಿ.

*

ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ನೋಡಿ. ಡ್ಯೂಯಿ ಕ್ರಮದಲ್ಲಿ ಪುಸ್ತಕ ಜೋಡಿಸುವ ಕಡೆ ಅಡುಗೆ ಪುಸ್ತಕಗಳು 641.5 ಅನ್ನುವ ಸಂಖ್ಯೆಯಲ್ಲಿ ಇರುತ್ತವೆ, ಕೇಳಿದರೆ ಕಪಾಟು ತೋರಿಸುತ್ತಾರೆ. ಪುಸ್ತಕದಲ್ಲಿ ಒಂದರ ನಂತರ ಒಂದು ಕಲಿಯುವ ಕ್ರಮ ಇರುತ್ತದೆ, ಅದು ಬಿಡಿ ರೆಸಿಪಿಗಳಲ್ಲಿ ಸಿಗುವುದಿಲ್ಲ. ಮನೆಗೆ ತಂದು ಎರಡು ಮೂರು ಅಡುಗೆ ಮಾಡಿ ನೋಡಿ, ಇಷ್ಟವಾದರೆ ಮಾತ್ರ ಕೊಳ್ಳಿ. ಹಳೆಯ ಪುಸ್ತಕವಾದರೆ ಯಾವ ಪುಟಕ್ಕೆ ಎಣ್ಣೆ ಕಲೆ ಜಾಸ್ತಿ ಇದೆಯೋ ಆ ಪುಟದ ರೆಸಿಪಿ ಮೊದಲು ಮಾಡಿ. ಮಾಡಿದವರು ಮತ್ತೆ ಮತ್ತೆ ಮಾಡಿದ್ದಾರೆ ಅಂತಲೇ ಅರ್ಥ.

*

ನನಗೆ ಅನ್ನಿಸುವುದು, ಹುಡುಕುವುದನ್ನು ಒಂದು ಹಂತದಲ್ಲಿ ನಿಲ್ಲಿಸಬೇಕು. ಐದಾರು ಅಡುಗೆ ಇಟ್ಟುಕೊಂಡು ಅವನ್ನೇ ಸುತ್ತಿ ಸುತ್ತಿ ಮಾಡಿ. ಅದೇ ಅಡುಗೆ ಮತ್ತೆ ಮಾಡುವಾಗ ಕೈ ತಾನಾಗಿ ಚುರುಕಾಗುತ್ತದೆ, ಸಾಮಾನು ಎಷ್ಟು ಬೇಕು ಅಂತ ಅಂಗಡಿಯಲ್ಲೇ ಗೊತ್ತಿರುತ್ತದೆ, ಖರ್ಚು ಇಳಿಯುತ್ತದೆ. ಮಾಡಿದ ತಕ್ಷಣ ಒಂದು ಸಾಲು ಬರೆದಿಡಿ, 'ಉಪ್ಪು ಕಡಿಮೆ, ನೀರು ಒಂದು ಲೋಟ ಸಾಕು' ಅಂತ. ಮರುದಿನ ನೆನಪಿರುವುದಿಲ್ಲ. ತರಕಾರಿ ಮಾತ್ರ ಬದಲಾಯಿಸಿ ಅದೇ ವಿಧಾನ ಇಟ್ಟುಕೊಂಡರೆ ಐದು ರೆಸಿಪಿ ಇಪ್ಪತ್ತಾಗುತ್ತದೆ. ಕ್ಯಾರೆಟ್, ಆಲೂಗಡ್ಡೆಯಂಥ ಗಟ್ಟಿಯವು ಮೊದಲು, ಸೊಪ್ಪು ಕೊನೆಗೆ, ಇಷ್ಟು ಗೊತ್ತಿದ್ದರೆ ಸಾಕು.

ಎರಡು ಹೊತ್ತಿಗೆ ಒಟ್ಟಿಗೆ ಮಾಡುವಾಗ ಎಲ್ಲವನ್ನೂ ಸುಮ್ನೆ ಎರಡರಷ್ಟು ಮಾಡಬೇಡಿ. ಉಪ್ಪು, ಖಾರ ಒಂದೂವರೆಯಷ್ಟು ಹಾಕಿ ರುಚಿ ನೋಡಿ. ಬಾಣಲೆ ಚಿಕ್ಕದಿದ್ದರೆ ತರಕಾರಿ ಎರಡು ಸಲ ಹುರಿಯಿರಿ. ತುಂಬಿಬಿಟ್ಟರೆ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ, ಬಣ್ಣವೂ ಬರುವುದಿಲ್ಲ, ರುಚಿಯೂ ಬರುವುದಿಲ್ಲ. ಮಾಡಿಟ್ಟದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಸರಿ, ಅನ್ನವಾದರೆ ಮರುದಿನವೇ ಮುಗಿಸಿ.

*

ಪ್ರಶ್ನೆ ಕೇಳಿದವರು: ನೀವು ಹೇಳಿದ ಹಾಗೆ ಕಾಳಿನ ಸೂಪಿಗೆ ಮೂರು ರೆಸಿಪಿ ಪಕ್ಕಪಕ್ಕ ಇಟ್ಟು ನೋಡಿದೆ. ಕಾಳು, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಮೂರರಲ್ಲೂ ಇವೆ. ಸೆಲರಿ ಒಂದರಲ್ಲಿ, ಚೀಸ್ ಇನ್ನೊಂದರಲ್ಲಿ. ಎರಡನ್ನೂ ಬಿಟ್ಟು ನಾಳೆ ಮಾಡುತ್ತೇನೆ. ಟೊಮೆಟೊ ಯಾವಾಗ ಹಾಕಬೇಕು ಅನ್ನುವುದರಲ್ಲಿ ಮಾತ್ರ ಮೂವರೂ ಮೂರು ಹೇಳುತ್ತಾರೆ.

*

ಕಾಳು ಪೂರ್ತಿ ಮೆತ್ತಗಾದ ಮೇಲೆ ಹಾಕಿ. ಹುಳಿ ಸೇರಿದರೆ ಕಾಳಿನ ಸಿಪ್ಪೆ ಗಟ್ಟಿಯಾಗಿ ಉಳಿದು ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ, ಗ್ಯಾಸೂ ದಂಡ. ಟೊಮೆಟೊ ಹಾಕಿದ ಮೇಲೆ ಕಾಲು ಗಂಟೆ ಕುದಿಸಿದರೆ ಸಾಕು. ಇವತ್ತು ರಾತ್ರಿಯೇ ಕಾಳು ನೆನೆಸಿಡಿ, ಮೂರರಷ್ಟು ನೀರು ಹಾಕಿ, ದೊಡ್ಡ ಪಾತ್ರೆಯಲ್ಲೇ ನೆನೆಸಿ.