ಪಿಯುಸಿಯಲ್ಲಿ 97 ಬಂದಿದೆ: ಕ್ಯಾಲ್ಕುಲಸ್ 1 ತಗೊಳ್ಳಲಾ, 2 ತಗೊಳ್ಳಲಾ?

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿ): ನಮಸ್ತೆ ಮೇಡಂ. ಸೆಕೆಂಡ್ ಪಿಯುಸಿ ಮುಗೀತು, ಗಣಿತದಲ್ಲಿ 97. ಆಗಸ್ಟ್‌ನಲ್ಲಿ ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಹೋಗುತ್ತಿದ್ದೇನೆ. ಇನ್ನು ಹತ್ತು ದಿನಕ್ಕೆ ಕ್ಲಾಸ್ ರಿಜಿಸ್ಟ್ರೇಷನ್. ಅಲ್ಲಿರುವ ಸೀನಿಯರ್ ಒಬ್ಬರು "ನಮ್ಮ ಪಿಯುಸಿ ಮುಂದೆ ಕ್ಯಾಲ್ಕುಲಸ್ 1 ಏನೂ ಅಲ್ಲ, ನೇರ 2ಕ್ಕೆ ಹೋಗು" ಅನ್ನುತ್ತಾರೆ. ಅಪ್ಪ "ಸುಲಭದ್ದು ತಗೋ, ಗ್ರೇಡ್ ಬರುತ್ತೆ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನೀನು ಅಂತಲೇ ಕರೆಯುತ್ತೇನೆ, ನನ್ನ ಕ್ಲಾಸಿನ ಮಕ್ಕಳ ವಯಸ್ಸು ನಿನ್ನದು. ಮೊದಲು ತುಮಕೂರಿನಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಈಗ ಇಲ್ಲಿ ಅಮೆರಿಕದಲ್ಲಿ ಕ್ಯಾಲ್ಕುಲಸ್ ಹೇಳಿಕೊಡುತ್ತೇನೆ, ಯಾವ ಕ್ಲಾಸ್ ತಗೊಳ್ಳಬೇಕು ಅಂತ ಮಕ್ಕಳಿಗೆ ಹೇಳುವ ಅಡ್ವೈಸಿಂಗ್ ಕೆಲಸವೂ ಇದೆ. ಎರಡೂ ಕಡೆಯ ಪೇಪರ್ ತಿದ್ದಿದ್ದೇನೆ.

ಸೀನಿಯರ್ ಹೇಳಿದ್ದು ಅರ್ಧ ನಿಜ. ಲಿಮಿಟ್, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ನಿನ ಆರಂಭ, ಇದು ಕ್ಯಾಲ್ಕುಲಸ್ 1. ಇದರಲ್ಲಿ ಬಹುಪಾಲು ನಿನಗೆ ಗೊತ್ತು. ಕ್ಯಾಲ್ಕುಲಸ್ 2ರಲ್ಲಿ ಸಾಮಾನ್ಯವಾಗಿ ಮೊದಲು ಬರುವ ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ ಕೂಡ ಪಿಯುಸಿಯಲ್ಲೇ ಆಗಿದೆ. ಆಮೇಲೆ ಅನಂತ ಸೀರೀಸ್ ಬರುತ್ತದೆ, ಅಂದರೆ ಮುಗಿಯದೆ ಕೂಡುತ್ತಾ ಹೋದರೆ ಮೊತ್ತ ಒಂದು ಕಡೆ ನಿಲ್ಲುತ್ತದಾ ಇಲ್ಲವಾ ಅಂತ ಪರೀಕ್ಷಿಸುವುದು. ಅದು ನಮ್ಮ ಪಿಯು ಪುಸ್ತಕದಲ್ಲಿ ಇಲ್ಲ.

1 + 1/2 + 1/3 + 1/4 ಅಂತ ಕೂಡುತ್ತಾ ಹೋಗು. ಪದಗಳು ಚಿಕ್ಕದಾಗುತ್ತಾ ಸೊನ್ನೆಯ ಹತ್ತಿರ ಹೋಗುತ್ತವೆ, ಹಾಗಾಗಿ ಮೊತ್ತ ಎಲ್ಲೋ ಒಂದು ಕಡೆ ನಿಲ್ಲಬೇಕು ಅನ್ನಿಸುತ್ತೆ ಅಲ್ವಾ? ನಿಲ್ಲುವುದಿಲ್ಲ. 10 ದಾಟಲು 12,367 ಪದ ಬೇಕು, ಆದರೂ ಬೆಳೆಯುತ್ತಲೇ ಹೋಗುತ್ತದೆ. ಛೇದಗಳನ್ನು ವರ್ಗ ಮಾಡಿ 1 + 1/4 + 1/9 ಅಂತ ಕೂಡಿದರೆ ಮಾತ್ರ 1.645ರ ಹತ್ತಿರ ನಿಂತುಬಿಡುತ್ತದೆ. ಯಾಕೆ ಅಂತ ಹೇಳಲು ಸೂತ್ರ ಬಾಯಿಪಾಠ ಮಾಡಿದ್ದರೆ ಸಾಲದು. ಆರು ವಾರ ಗೊತ್ತಿರುವುದೇ ಅಂತ ಹಿಂದಿನ ಬೆಂಚಲ್ಲಿ ಫೋನ್ ನೋಡುತ್ತಾ ಕೂತ ನಮ್ಮ ಹುಡುಗರು ಬೀಳುವುದು ಇಲ್ಲಿಯೇ.

ಹಾಗಾಗಿ 97 ಪಕ್ಕಕ್ಕಿಡು. ಅನೇಕ ಗಣಿತ ವಿಭಾಗಗಳು ಕ್ಯಾಲ್ಕುಲಸ್ 1ರ ಹಳೇ ಫೈನಲ್ ಪೇಪರ್‌ಗಳನ್ನು ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಒಂದನ್ನು ಪ್ರಿಂಟ್ ತೆಗೆದು, ಗಡಿಯಾರ ಇಟ್ಟುಕೊಂಡು ಮಾಡಿ ನೋಡು. ಹತ್ತರಲ್ಲಿ ಒಂಬತ್ತು ಬಂದರೆ ವಿಭಾಗಕ್ಕೆ ಪಿಯು ಸಿಲಬಸ್ ಕಳಿಸಿ 2 ಕೊಡಿ ಅಂತ ಕೇಳು. ಅವರು ಪ್ರತ್ಯೇಕ ಪರೀಕ್ಷೆ ಕೊಡಬಹುದು. ಯಾವ ಗಣಿತ ಕ್ಲಾಸಿಗೆ ಸೇರಬೇಕು ಅಂತ ನೋಡಲು ಆನ್‌ಲೈನಲ್ಲಿ ಬರೆಯುವ ಅಲೆಕ್ಸ್ ಪ್ಲೇಸ್‌ಮೆಂಟ್ ಟೆಸ್ಟ್‌ನಿಂದ ಇದು ಬಗೆಹರಿಯುವುದಿಲ್ಲ. ಅದು ಅಳೆಯುವುದು ಕ್ಯಾಲ್ಕುಲಸ್ ಶುರು ಮಾಡಲು ತಯಾರಿದ್ದೀಯಾ ಅಂತ ಮಾತ್ರ. ಅದನ್ನು ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಬೇಡ, ಪ್ಲೀಸ್.

ಇನ್ನೊಂದು ಸಣ್ಣ ವಿಷಯ. ನಮ್ಮ ಪುಸ್ತಕದಲ್ಲಿ ಬರೀ ಲಾಗ್ ಅಂದರೆ ಬೇಸ್ 'ಇ'. ಇಲ್ಲಿ ಅದನ್ನು 'ಎಲ್‌ಎನ್' ಅಂತ ಬರೆಯುತ್ತಾರೆ, ಕ್ಯಾಲ್ಕುಲೇಟರಿನಲ್ಲಿ ಲಾಗ್ ಒತ್ತಿದರೆ ಬೇಸ್ 10. ಹೋದ ವರ್ಷ ಒಬ್ಬ ಹುಡುಗ ಇಡೀ ಹೋಮ್‌ವರ್ಕ್ ಸರಿಯಾಗಿ ಮಾಡಿ ಎಲ್ಲ ತಪ್ಪು ಅನ್ನಿಸಿಕೊಂಡಿದ್ದ.

ಅದೇ ವಿದ್ಯಾರ್ಥಿ: ಥ್ಯಾಂಕ್ಸ್ ಮೇಡಂ, ಪೇಪರ್ ಮಾಡಿ ಹೇಳುತ್ತೇನೆ. ತಗೊಂಡ ಮೇಲೆ ಕಷ್ಟ ಅನ್ನಿಸಿದರೆ ಬಿಡಬಹುದಲ್ವಾ?

ಉತ್ತರ: ಬಿಡಬಹುದು, ಆದರೆ ಲೆಕ್ಕ ಹಾಕಿ ಬಿಡಬೇಕು. ಒಂದೊಂದು ಕ್ಲಾಸಿಗೂ ಇಷ್ಟು ಕ್ರೆಡಿಟ್ ಅಂತ ತೂಕ ಇರುತ್ತದೆ; ನಿನ್ನಂಥ ಎಫ್-1 (ವಿದ್ಯಾರ್ಥಿ) ವೀಸಾದವರು ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಂಡಿರಬೇಕು. ಕ್ಯಾಲ್ಕುಲಸ್ 4, ಕೆಮಿಸ್ಟ್ರಿ ಲ್ಯಾಬ್ ಸೇರಿ 4, ಇಂಗ್ಲಿಷ್ 3, ಎಂಜಿನಿಯರಿಂಗ್ ಪರಿಚಯ 3: ಒಟ್ಟು 14. ಕ್ಯಾಲ್ಕುಲಸ್ ಬಿಟ್ಟರೆ ಉಳಿಯುವುದು 10. ಇಂಟರ್‌ನ್ಯಾಷನಲ್ ಆಫೀಸನ್ನು ಕೇಳದೆ ಹಾಗೆ ಬಿಟ್ಟರೆ ವೀಸಾ ಸ್ಟೇಟಸ್‌ಗೇ ಪೆಟ್ಟು. ಮೊದಲ ವಾರದಲ್ಲೇ 2ರಿಂದ 1ಕ್ಕೆ ಇಳಿಯಬಹುದು, ಸೀಟು ಉಳಿದಿದ್ದರೆ. ಆ ಹೊತ್ತಿಗೆ ಉಳಿದಿರುವುದು ಬೆಳಿಗ್ಗೆ ಎಂಟರ ಕ್ಲಾಸುಗಳು.

ರಿಜಿಸ್ಟ್ರೇಷನ್ನಿಗೆ ಹೋಲ್ಡ್, ಅಂದರೆ ತಡೆ, ಏನಾದರೂ ಇದೆಯಾ ಅಂತ ಹಿಂದಿನ ದಿನವೇ ನೋಡು. ಲಸಿಕೆಯ ದಾಖಲೆ ಕೊಟ್ಟಿಲ್ಲ ಅಂತಲೋ ಅಡ್ವೈಸರನ್ನು ನೋಡಿಲ್ಲ ಅಂತಲೋ ಬಾಗಿಲು ಮುಚ್ಚಿಕೊಂಡಿರುತ್ತದೆ. ಅಲ್ಲಿ ಈಸ್ಟರ್ನ್ ಟೈಮ್ ಬೆಳಿಗ್ಗೆ 8 ಅಂದರೆ, ಬೇಸಿಗೆಯಲ್ಲಿ ನಿನಗೆ ಸಂಜೆ 5.30. ಆ ಹೊತ್ತಿಗೆ ಕರೆಂಟ್ ಇರುವ ಕಡೆ ಕೂತಿರು.

ಪ್ರಶ್ನೆ (ಮೈಸೂರಿನ ತಾಯಿಯೊಬ್ಬರು): ಮೇಡಂ, ನಮ್ಮ ಮಗಳು ಅಲ್ಲಿಗೇ ಎಕನಾಮಿಕ್ಸ್ ಓದಲು ಹೋಗುತ್ತಿದ್ದಾಳೆ. ಬಿಸಿನೆಸ್ ಕ್ಯಾಲ್ಕುಲಸ್ ಸಾಕು ಅಂತ ಬರೆದಿದೆ. ಸಾಕಾ?

ಉತ್ತರ: ಡಿಗ್ರಿಗೆ ಸಾಕಾಗಬಹುದು. ಆದರೆ ಅದರಲ್ಲಿ ತ್ರಿಕೋನಮಿತಿ ಸಾಮಾನ್ಯವಾಗಿ ಇರುವುದಿಲ್ಲ, ಅದನ್ನು ಓದಿ ಕ್ಯಾಲ್ಕುಲಸ್ 2ಕ್ಕೆ ಹತ್ತಲು ಹೆಚ್ಚಿನ ಕಡೆ ಬಿಡುವುದಿಲ್ಲ. ಮುಂದೆ ಪಿಎಚ್‌ಡಿ ಆಸೆ ಬಂದರೆ, ಇಲ್ಲ ಕಂಪ್ಯೂಟರ್ ಸೈನ್ಸ್ ಕಡೆ ಮನಸ್ಸು ವಾಲಿದರೆ, ಮತ್ತೆ ಮೊದಲಿಂದ ಕ್ಯಾಲ್ಕುಲಸ್ 1. ಪಿಯುಸಿಯಲ್ಲಿ ಗಣಿತ ಇದ್ದವಳು ಮೊದಲೇ 1 ತಗೊಳ್ಳಲಿ.

ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಅಡ್ವೈಸರಿಗೆ ಅವಳೇ ಬರೆಯಲಿ. ವಿದ್ಯಾರ್ಥಿಗಳ ದಾಖಲೆ ಗುಟ್ಟಾಗಿಡುವ 1974ರ ಫೆರ್ಪಾ ಎಂಬ ಅಮೆರಿಕದ ಕಾನೂನಿನ ಪ್ರಕಾರ ಅವಳ ಒಪ್ಪಿಗೆ ಪತ್ರ ಇಲ್ಲದೆ ಗ್ರೇಡ್ ಬಗ್ಗೆ ನಿಮ್ಮ ಜೊತೆ ಮಾತಾಡಲು ನಮಗೆ ಸಾಮಾನ್ಯವಾಗಿ ಆಗುವುದಿಲ್ಲ, ಫೀಸು ನೀವೇ ಕಟ್ಟಿದ್ದರೂ.

ಅದೇ ವಿದ್ಯಾರ್ಥಿ (ಮೂರು ದಿನದ ನಂತರ): ಮೇಡಂ, ಪೇಪರ್ ಮಾಡಿದೆ. 12ರಲ್ಲಿ 8 ಬಂತು. ಡಿಫರೆನ್ಸಿಯೇಷನ್ ಲೆಕ್ಕಗಳು ನೀರು ಕುಡಿದ ಹಾಗೆ ಆದವು. ಒಂದರಲ್ಲಿ ಡೆರಿವೇಟಿವ್‌ನ ಗ್ರಾಫ್ ಮಾತ್ರ ಕೊಟ್ಟು, ಮೂಲ ಫಂಕ್ಷನ್ ಎಲ್ಲಿ ಏರುತ್ತದೆ, ಎಲ್ಲಿ ಬಾಗುತ್ತದೆ, ಕಾರಣ ಬರೆ ಅಂದಿದ್ದರು. ಸಮೀಕರಣವೇ ಇಲ್ಲ! ಪೆನ್ನು ಹಿಡಿದು ಸುಮ್ನೆ ಕೂತಿದ್ದೆ.

ಉತ್ತರ: ಬಿಟ್ಟ ನಾಲ್ಕರಲ್ಲಿ ಆ ಒಂದನ್ನು ಹೇಳಿದೆ ನೋಡು, ನನಗೆ ಅಷ್ಟು ಸಾಕು. ಕ್ಯಾಲ್ಕುಲಸ್ 1ಕ್ಕೆ ಹೆಸರು ಹಾಕು, ಮುಂದಿನ ಬೆಂಚಲ್ಲಿ ಕೂರು. ಆ ಗ್ರಾಫ್ ಇನ್ನೊಂದು ಸಲ ತೆಗೆ. ರೇಖೆ ಸೊನ್ನೆಯ ಮೇಲಿರುವಾಗ ಮೂಲ ಫಂಕ್ಷನ್ ಏರುತ್ತದೆ, ಕೆಳಗಿರುವಾಗ ಇಳಿಯುತ್ತದೆ. ಅಲ್ಲಿಂದ ಶುರು ಮಾಡಿ, ಚಿತ್ರ ಬಿಡಿಸಿ, ಫೋಟೋ ಇಲ್ಲೇ ಹಾಕು. ನೋಡುತ್ತೇನೆ.